ಹುರುಳಿಯ ಹಂಡೆ ಮತ್ತು ದಖ್ಖನಿನ ಕುದುರೆ

ಹೈದರಾಬಾದಿನ ಭೋಜನಶಾಲೆಗಳಲ್ಲಿ ಉಲವಚಾರು ಈಗ ಪ್ರತಿಷ್ಠೆಯ ಖಾದ್ಯ. ಬಿರಿಯಾನಿಯೊಳಗೂ ಅದು ಪ್ರವೇಶ ಪಡೆದಿದೆ. ಈ ಊರಿನಲ್ಲಿ ನೆಲೆಸಿದ ಕನ್ನಡಿಗರು ಮೊದಲ ತುತ್ತಿಗೇ ಅದನ್ನು ಹುರುಳಿಕಟ್ಟಿನ ಸಾರಿನ ನೆಂಟನೆಂದು ಗುರುತಿಸುತ್ತಾರೆ. ತೆಲುಗಿನ ಉಲವಲು, ಉರ್ದುವಿನ ಕುಲ್ಥಿ, ಕನ್ನಡದ ಹುರುಳಿ ಮೂರೂ ಒಂದೇ ಕಾಳು. ಆದರೆ ಇಂಗ್ಲಿಷರು ಇದಕ್ಕಿಟ್ಟ ಹೆಸರು ಹಾರ್ಸ್ ಗ್ರಾಂ, ಅಂದರೆ ಕುದುರೆಯ ಕಾಳು. ಹೆಸರಿನಲ್ಲಿ ಕುದುರೆಗೆ ಸ್ಥಾನ ಸಿಕ್ಕಿತು. ಆ ಕಲ್ಲಿನಂಥ ಕಾಳನ್ನು ಕುದುರೆ ತಿನ್ನುವಂತೆ ಮಾಡಿದವನಿಗೆ ಸಿಗಲಿಲ್ಲ.

ಹುರುಳಿ ನಮ್ಮ ನೆಲದ ಹಳೆಯ ನಿವಾಸಿ. ಬಳ್ಳಾರಿ ಸೀಮೆಯ ಸಂಗನಕಲ್ಲು, ತೆಕ್ಕಲಕೋಟೆಗಳ ನವಶಿಲಾಯುಗದ ನೆಲೆಗಳಲ್ಲಿ ಸುಮಾರು 4000 ವರ್ಷಗಳಷ್ಟು ಹಳೆಯದಾದ, ಕರಿಕಾದ ಹುರುಳಿ ಕಾಳುಗಳು ದೊರೆತಿವೆ. ಯುದ್ಧದ ಕುದುರೆಯಾದರೋ ಹೊರಗಿನಿಂದ ಬಂದದ್ದು. ಒಳ್ಳೆಯ ತಳಿಯ ಕುದುರೆಗಳು ಅರೇಬಿಯಾ ಮತ್ತು ಪರ್ಷಿಯಾಗಳಿಂದ ಹಡಗೇರಿ ಪಶ್ಚಿಮ ಕರಾವಳಿಯಲ್ಲಿ ಇಳಿಯುತ್ತಿದ್ದವು. ಬಾರ್ಲಿ ಮತ್ತು ಒಣಹುಲ್ಲಿಗೆ ಒಗ್ಗಿದ್ದ ಆ ಪ್ರಾಣಿಗಳಿಗೆ ಇಲ್ಲಿ ಏನು ತಿನ್ನಿಸುವುದೆಂಬುದು ರಾಜ್ಯಗಳ ಅಳಿವು ಉಳಿವಿನ ಪ್ರಶ್ನೆಯಾಗಿತ್ತು. ತಮಿಳು ಕರಾವಳಿಯಲ್ಲಿ ಕುದುರೆಗಳು ಸಾಲಾಗಿ ಸಾಯುತ್ತಿದ್ದುದನ್ನೂ, ಅವಕ್ಕೆ ಮಾಂಸ ಬೆರೆಸಿದ ಅನ್ನ ತಿನ್ನಿಸುತ್ತಿದ್ದುದನ್ನೂ 13ನೆಯ ಶತಮಾನದ ಕೊನೆಯಲ್ಲಿ ಮಾರ್ಕೋ ಪೋಲೋ ಅಚ್ಚರಿಯಿಂದ ದಾಖಲಿಸಿದ್ದಾನೆ.

1470ರ ಆಸುಪಾಸಿನಲ್ಲಿ ರಷ್ಯಾದ ವರ್ತಕ ಅಫನಾಸಿ ನಿಕಿತಿನ್ ಬಹಮನಿಗಳ ರಾಜಧಾನಿ ಬೀದರಿಗೆ ಬಂದ. ಅವನೇ ಒಂದು ಕುದುರೆಯನ್ನು ಹಡಗಿನಲ್ಲಿ ತಂದು, ಸಾಕಿ, ಬೀದರಿನಲ್ಲಿ ಮಾರಿದವನು. ಆದ್ದರಿಂದ ಮೇವಿನ ವಿಷಯದಲ್ಲಿ ಅವನ ಮಾತಿಗೆ ತೂಕವಿದೆ. ಇಲ್ಲಿ ಕುದುರೆಗಳಿಗೆ ಕಾಳು ಹಾಕುತ್ತಾರೆ, ಸಕ್ಕರೆ ಎಣ್ಣೆ ಸೇರಿಸಿ ಬೇಯಿಸಿದ ಕಿಚಡಿಯನ್ನೂ ತಿನ್ನಿಸುತ್ತಾರೆ ಎಂದು ಅವನು ಬರೆದಿಟ್ಟಿದ್ದಾನೆ. ದಖ್ಖನಿನಲ್ಲಿ ಕುದುರೆಯ ಮೇವು ಹೊಲದಿಂದ ನೇರವಾಗಿ ಲಾಯಕ್ಕೆ ಹೋಗುತ್ತಿರಲಿಲ್ಲ. ನಡುವೆ ಒಂದು ಒಲೆಯಿತ್ತು.

ಒಲೆ ಏಕೆ ಬೇಕಾಯಿತು? ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬುದು ನಮ್ಮ ಗಾದೆ. ಕುದುರೆಗೆ ಹಲ್ಲೂ ಇದೆ, ಕಾಳೂ ಇದೆ. ಆದರೂ ಹಸಿ ಹುರುಳಿ ಅದಕ್ಕೆ ಅಪಾಯಕರ. ಆ ಕಾಳು ಸಣ್ಣದು, ಚಪ್ಪಟೆ, ಬಹಳ ಗಟ್ಟಿ. ಅರೆಬರೆ ಅಗಿದು ನುಂಗಿದರೆ ಹೊಟ್ಟೆಯೊಳಗೆ ನೀರು ಹೀರಿ ಉಬ್ಬುತ್ತದೆ. ಕುದುರೆಯ ಜಠರ ಅದರ ದೇಹಕ್ಕೆ ಹೋಲಿಸಿದರೆ ಚಿಕ್ಕದು. ವಾಂತಿ ಮಾಡುವ ಶಕ್ತಿಯಂತೂ ಅದಕ್ಕಿಲ್ಲ. ಹೊಟ್ಟೆಶೂಲೆ ಹಿಡಿದರೆ ಒಂದೇ ರಾತ್ರಿಯಲ್ಲಿ ಸಾಯಬಹುದು. ಇದರ ಜೊತೆಗೆ, ಜೀರ್ಣಕ್ರಿಯೆಗೆ ಅಡ್ಡಿಪಡಿಸುವ ಕೆಲವು ಅಂಶಗಳೂ ಹಸಿ ಕಾಳಿನಲ್ಲಿವೆ. ಬೇಯಿಸಿದಾಗ ಅವು ಬಹುಮಟ್ಟಿಗೆ ನಾಶವಾಗುತ್ತವೆ. ಉತ್ತರ ಭಾರತದಲ್ಲಿ ಕುದುರೆಗೆ ಕಡಲೆ ಹಾಕುವ ವಾಡಿಕೆ ಬೆಳೆದರೆ ದಕ್ಷಿಣದಲ್ಲಿ ಹುರುಳಿ ಬೇಯಿಸುವ ವಾಡಿಕೆ ಬೇರೂರಿದ್ದು ಹೀಗೆ.

ಕೆಲಸ ಸರಳವೆಂದು ತೋರಿದರೂ ಪ್ರತಿ ಹಂತದಲ್ಲಿಯೂ ಎಚ್ಚರ ಬೇಕಿತ್ತು. ಮೊದಲು ಕೇರಿ ಕಲ್ಲು ಆರಿಸಬೇಕು. ನೆನೆಹಾಕಬೇಕು, ಆದರೆ ದಖ್ಖನಿನ ಬೇಸಗೆಯಲ್ಲಿ ಹೊತ್ತು ಮೀರಿದರೆ ಕಾಳು ಹುಳಿಯುತ್ತದೆ. ಬೆರಳ ನಡುವೆ ಹಿಸುಕಿದರೆ ನುಣ್ಣಗಾಗುವ ತನಕ ಹಂಡೆಯಲ್ಲಿ ಬೇಯಿಸಿ, ಬಸಿದು, ಆರಿಸಿ, ಕಿವುಚಿ, ಉಪ್ಪು ಮತ್ತು ಬೂಸಾ ಬೆರೆಸಿ ಚೀಲದಲ್ಲಿ ಹಾಕಿ ಕುದುರೆಯ ಬಾಯಿಗೆ ಕಟ್ಟಬೇಕು. ನೀರು ಕುಡಿಸುವುದು ಕಾಳಿಗೆ ಮೊದಲು. ನಾಳೆಗೆ ಇಂದು ಬೇಯಿಸಿಡುವಂತಿಲ್ಲ.

ಒಂದು ಕುದುರೆಗೇ ಇಷ್ಟು ಕೆಲಸವಾದರೆ ಸಾವಿರಾರು ಕುದುರೆಗಳ ದಂಡಿಗೆ ಕಾಳು, ಸೌದೆ, ನೀರು ಎಷ್ಟು ಬೇಕಾದೀತು! ಲಂಬಾಣಿಗರು ಎತ್ತುಗಳ ಮೇಲೆ ಹೇರಿ ತರುತ್ತಿದ್ದ ಧಾನ್ಯವೇ ದಂಡುಗಳ ಜೀವಾಳವಾಗಿತ್ತು. 1687ರಲ್ಲಿ ಗೋಲ್ಕೊಂಡಕ್ಕೆ ಎಂಟು ತಿಂಗಳು ಮುತ್ತಿಗೆ ಹಾಕಿದ್ದ ಔರಂಗಜೇಬನ ಪಾಳೆಯದಲ್ಲಿ ಮಳೆಗಾಲದ ಹೊತ್ತಿಗೆ ಧಾನ್ಯ, ಮೇವು ಎರಡಕ್ಕೂ ಭೀಕರ ಬರ ಬಂದಿತ್ತು. ಫಿರಂಗಿಗಳಿದ್ದರೂ ಹಂಡೆಗಳು ಬರಿದಾದರೆ ದಂಡು ಕುಸಿಯುತ್ತಿತ್ತು.

ಮುಂದೆ ನಿಜಾಮರ ಕಾಲದಲ್ಲಿ, ಬೊಲಾರಂನಲ್ಲಿ ನೆಲೆಯಿದ್ದ ಹೈದರಾಬಾದ್ ಕಂಟಿಂಜೆಂಟಿನ ಅಶ್ವದಳ ಶಿಲೇದಾರಿ ಪದ್ಧತಿಯದು. ಸರ್ಕಾರ ಸಂಬಳ ಕೊಡುತ್ತಿತ್ತು. ಕುದುರೆಯೂ ಅದರ ಮೇವೂ ಸವಾರನ ಹೊಣೆ. ಕಾಳಿನ ಬೆಲೆ ಏರಿದರೆ ಸವಾರ ಸಾಲಗಾರನಾಗುತ್ತಿದ್ದ. ಅವನ ಕೆಳಗೆ ಸಾಯೀಸನಿದ್ದ. ಗರಿಕೆಯನ್ನು ಬೇರುಸಹಿತ ಕಿತ್ತು, ಮಣ್ಣು ಒದರಿ ತರುವ ಹುಲ್ಲುಗಾರನಿದ್ದ. ಬ್ರಿಟಿಷರ ಕಾಲದ ಗೃಹಕೃತ್ಯದ ಕೈಪಿಡಿಗಳಲ್ಲಿ ಸಾಯೀಸ ಕಾಣಿಸಿಕೊಳ್ಳುವುದು ಹೆಚ್ಚಾಗಿ ಕಳ್ಳನೆಂಬ ಶಂಕೆಯೊಡನೆ. ಕಾಳನ್ನು ಅಳೆದು ಕೊಡಿ, ಕುದುರೆ ತಿನ್ನುವಾಗ ಎದುರಿಗೇ ನಿಲ್ಲಿ ಎಂಬುದು ಒಡೆಯರಿಗೆ ಕೊಡುತ್ತಿದ್ದ ಬುದ್ಧಿವಾದ. ಕುದುರೆಯ ಪಾಲಿನ ಹುರುಳಿ ಮನುಷ್ಯನ ಅನ್ನವೂ ಹೌದೆಂಬುದನ್ನು, ಬೇಯಿಸುವವನಿಗೂ ಹಸಿವಿತ್ತೆಂಬುದನ್ನು ಆ ಬುದ್ಧಿವಾದವೇ ಒಪ್ಪಿಕೊಂಡಂತಾಯಿತು.

ಮೊದಲನೆಯ ಮಹಾಯುದ್ಧದಲ್ಲಿ ಹೈದರಾಬಾದ್, ಮೈಸೂರು, ಜೋಧಪುರಗಳ ಲ್ಯಾನ್ಸರ್ ಪಡೆಗಳು ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್‌ಗಳಿಗೆ ಹೋದವು. ಅಲ್ಲಿನ ಮೇವು ಬಾರ್ಲಿ ಮತ್ತು ಕತ್ತರಿಸಿದ ಒಣಹುಲ್ಲು. ಆ ಮೂರು ಪಡೆಗಳ ನೆನಪಿಗೆ 1922ರಲ್ಲಿ ದೆಹಲಿಯಲ್ಲಿ ನಿಲ್ಲಿಸಿದ ತೀನ್ ಮೂರ್ತಿ ಸ್ಮಾರಕದಲ್ಲಿ ಮೂವರು ಸೈನಿಕರಿದ್ದಾರೆ. ಅಶ್ವದಳದ ಆ ಸ್ಮಾರಕದಲ್ಲಿ ಕುದುರೆಯೇ ಇಲ್ಲ. ಹಂಡೆಯ ಮುಂದೆ ಕುಳಿತವನ ಮಾತು ದೂರವೇ ಉಳಿಯಿತು.

ಅವನ ಕೆಲಸದ ಗುರುತು ಉಳಿದಿರುವುದು ಅಡುಗೆಮನೆಯಲ್ಲಿ. ಎತ್ತುಗಳಿಗೆಂದು ಹುರುಳಿ ಬೇಯಿಸಿ, ಬಸಿದ ಕಟ್ಟನ್ನು ಸಾರಿಗೆ ಉಳಿಸಿಕೊಳ್ಳುವ ರೂಢಿ ಕನ್ನಡ ಮತ್ತು ತೆಲುಗು ಸೀಮೆಗಳ ರೈತರ ಮನೆಗಳಲ್ಲಿ ಇತ್ತು. ಕಾಳು ಪ್ರಾಣಿಗೆ, ಕಟ್ಟು ಮನುಷ್ಯರಿಗೆ. ಕುದುರೆಯ ಕಾಳೆಂದು ಹೀಗಳೆಯುವವರು ಈಗಲೂ ಇದ್ದಾರೆ. ಆದರೆ ನಮ್ಮ ಭಾಷೆಯಲ್ಲಿ ಸತ್ತ್ವವುಳ್ಳ ಮಾತಿಗೆ ಹುರುಳಿರುವ ಮಾತು ಎನ್ನುತ್ತೇವೆ. ಎರಡು ಪದಗಳ ಮೂಲ ಏನೇ ಇರಲಿ, ಉಲವಚಾರಿನ ಬಟ್ಟಲನ್ನು ಮುಂದಿಟ್ಟುಕೊಂಡಾಗ ಈ ನೆರೆಹೊರೆ ನೆನಪಾಗದೆ ಇರದು.