ರಕ್ಷಣೆಯಿಂದ ದಾಳಿಗೆ: ಫುಟ್‌ಬಾಲ್ ತರಬೇತಿಯ ಒಂದು ಶತಮಾನ

ಫುಟ್‌ಬಾಲ್ ಪಂದ್ಯವೊಂದರಲ್ಲಿ ಚೆಂಡು ಒಂದು ತಂಡದಿಂದ ಇನ್ನೊಂದರ ಪಾಲಾಗುವುದು ನೂರಕ್ಕೂ ಹೆಚ್ಚು ಸಲ. ಚೆಂಡು ಕಳೆದುಕೊಂಡ ತಂಡದ ಆಟಗಾರರು ಆ ಗಳಿಗೆಯಲ್ಲಿ ದಾಳಿಗೆಂದು ಮುಂದೆ ಹೋಗಿ ಚದುರಿರುತ್ತಾರೆ. ಅವರ ಬೆನ್ನ ಹಿಂದೆ ಮೈದಾನ ತೆರವಾಗಿರುತ್ತದೆ. ಅವರು ಹಿಂದಿರುಗಿ ತಮ್ಮ ತಮ್ಮ ಜಾಗ ಸೇರುವಷ್ಟರಲ್ಲಿ ಆ ತೆರವನ್ನು ಬಳಸಿಕೊಳ್ಳುವುದೇ ಪ್ರತಿದಾಳಿ. ಆಟದಷ್ಟೇ ಹಳೆಯದಾದ ಈ ಅವಕಾಶವನ್ನು ಬಹುಕಾಲ ಅದೃಷ್ಟಕ್ಕೂ ಆಟಗಾರರ ಕಾಲಿನ ಬಲಕ್ಕೂ ಬಿಡಲಾಗಿತ್ತು. ಅದನ್ನು ಕಲಿಸಬಹುದಾದ ವಿದ್ಯೆಯಾಗಿಸಿದವರು ಇಪ್ಪತ್ತನೇ ಶತಮಾನದ ಕೋಚ್‌ಗಳು. ಪ್ರತಿದಾಳಿಯ ವೇಗ ಓಟದಲ್ಲಷ್ಟೇ ಇಲ್ಲ, ಚೆಂಡು ಸಿಗುವ ಮೊದಲು ಯಾರು ಎಲ್ಲಿ ನಿಂತಿದ್ದಾರೆ ಎಂಬುದರಲ್ಲೂ ಇದೆ ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ.

ಇದಕ್ಕೆ ದಾರಿ ತೆರೆದದ್ದು ಆಫ್‌ಸೈಡ್ ನಿಯಮದ ತಿದ್ದುಪಡಿ. 1925ರವರೆಗೆ, ಮುಂದೆ ನಿಂತು ಪಾಸ್ ಪಡೆಯುವ ಆಟಗಾರನಿಗೂ ಗೋಲ್ ಗೆರೆಗೂ ನಡುವೆ ಮೂವರು ಎದುರಾಳಿಗಳಾದರೂ ಇರಬೇಕಿತ್ತು. ಆ ವರ್ಷ ಅದನ್ನು ಇಬ್ಬರಿಗೆ ಇಳಿಸಲಾಯಿತು. ಇಂಗ್ಲೆಂಡಿನ ಮೊದಲ ಡಿವಿಷನ್‌ನಲ್ಲಿ 1924–25ರಲ್ಲಿ 1,192 ಇದ್ದ ಗೋಲುಗಳ ಸಂಖ್ಯೆ ಮರು ಹಂಗಾಮಿನಲ್ಲಿ 1,703ಕ್ಕೆ ಏರಿತು. 1925ರಲ್ಲೇ ಆರ್ಸೆನಲ್ ತಂಡದ ಹೊಣೆ ಹೊತ್ತ ಹರ್ಬರ್ಟ್ ಚಾಪ್‌ಮನ್, ಮಧ್ಯದ ಹಾಫ್ ಆಟಗಾರನನ್ನು ಹಿಂದಕ್ಕೆ ಕರೆದು ಮೂರನೆಯ ಬ್ಯಾಕ್ ಆಗಿ ನಿಲ್ಲಿಸಿದರು. ಎದುರಾಳಿಯನ್ನು ಮುಂದೆ ಬರಗೊಟ್ಟು, ಅವರ ಹಿಂದೆ ತೆರವಾದ ಜಾಗಕ್ಕೆ ಚೆಂಡು ಕಳಿಸುವುದು ಅವರ ಪದ್ಧತಿ. 1929ರಲ್ಲಿ ಬಂದ ಅಲೆಕ್ಸ್ ಜೇಮ್ಸ್ ನಡುವೆ ನಿಂತು ಉದ್ದನೆಯ ಪಾಸ್ ಕೊಡುತ್ತಿದ್ದರೆ, ಅಂಚಿನಿಂದ ಒಳಕ್ಕೆ ನುಗ್ಗುವ ಕ್ಲಿಫ್ ಬಾಸ್ಟಿನ್, ಜೋ ಹ್ಯೂಮ್ ಅದನ್ನು ಗೋಲಾಗಿಸುತ್ತಿದ್ದರು. 1932–33ರ ಲೀಗ್‌ನಲ್ಲಿ ವಿಂಗರ್ ಆಗಿದ್ದೂ ಬಾಸ್ಟಿನ್ 33 ಗೋಲು ಹೊಡೆದರು. ಪಂದ್ಯದುದ್ದಕ್ಕೂ ಒತ್ತಡದಲ್ಲಿದ್ದಂತೆ ಕಂಡು ಕೊನೆಗೆ ಗೆಲ್ಲುತ್ತಿದ್ದ ಈ ತಂಡವನ್ನು ಟೀಕಾಕಾರರು ‘ಅದೃಷ್ಟದ ಆರ್ಸೆನಲ್’ ಎಂದು ಹಂಗಿಸಿದರು. ಅದು ಅದೃಷ್ಟವಲ್ಲ, ಏರ್ಪಾಡು.

ಬಲವಾದ ತಂಡಗಳ ಎದುರು ಸೋಲು ತಪ್ಪಿಸಿಕೊಳ್ಳುವ ಅಗತ್ಯವೂ ಈ ವಿದ್ಯೆಯನ್ನು ಬೆಳೆಸಿತು. ಆಸ್ಟ್ರಿಯಾದ ಕಾರ್ಲ್ ರಪ್ಪಾನ್ 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರಕ್ಷಣಾ ಸಾಲಿನ ಹಿಂದೆ ಇನ್ನೊಬ್ಬ ಆಟಗಾರನನ್ನು ನಿಲ್ಲಿಸುವ ಕ್ರಮ ತಂದರು. 1938ರ ವಿಶ್ವಕಪ್‌ನಲ್ಲಿ ಸ್ವಿಸ್ ತಂಡ ಜರ್ಮನಿಯನ್ನು ಮರುಪಂದ್ಯದಲ್ಲಿ 4–2ರಿಂದ ಸೋಲಿಸಿತು. ಇಟಲಿಯಲ್ಲಿ ನೆರೆಯೊ ರೊಕ್ಕೊ ಇಂಥದ್ದೇ ಕ್ರಮವನ್ನು ಸಣ್ಣ ಕ್ಲಬ್ಬಾದ ತ್ರಿಯೆಸ್ತಿನಾದಲ್ಲಿ ಪ್ರಯೋಗಿಸಿ 1947–48ರ ಲೀಗ್‌ನಲ್ಲಿ ಎರಡನೇ ಸ್ಥಾನಕ್ಕೆ ತಂದರು. ಹೆಲೆನಿಯೊ ಹೆರೆರಾ ಅವರ ಇಂಟರ್ ಮಿಲಾನ್ ಇದೇ ದಾರಿಯಲ್ಲಿ 1964 ಮತ್ತು 1965ರಲ್ಲಿ ಯುರೋಪಿಯನ್ ಕಪ್ ಗೆದ್ದಿತು. ಹಿಂದೆ ಪಿಕ್ಕಿ ಕಾವಲು, ನಡುವಿನಿಂದ ಲೂಯಿಸ್ ಸುವಾರೆಜ್ ಅವರ ದೂರದ ಪಾಸ್, ಎಡ ಅಂಚಿನಲ್ಲಿ ಫಕೆಟ್ಟಿ ಓಟ. ಡಿಫೆಂಡರ್ ಆದ ಫಕೆಟ್ಟಿ 1965–66ರ ಲೀಗ್‌ನಲ್ಲಿ 10 ಗೋಲು ಹೊಡೆದರು. ರಕ್ಷಕನೇ ದಾಳಿಗೆ ಮೊದಲು ಹೊರಡಬಹುದು ಎಂಬ ಪಾಠ ಅಲ್ಲಿಂದ ಬಂತು.

ಇಂಗ್ಲೆಂಡಿನಲ್ಲಿ ಇದೇ ವಿಷಯ ಲೆಕ್ಕದ ಪುಸ್ತಕಕ್ಕೆ ಇಳಿಯಿತು. ವಾಯುಪಡೆಯ ಲೆಕ್ಕಪತ್ರ ವಿಭಾಗದಲ್ಲಿದ್ದ ಚಾರ್ಲ್ಸ್ ರೀಪ್ 1950ರಲ್ಲಿ ಸ್ವಿಂಡನ್ ತಂಡದ ಪಂದ್ಯವೊಂದರಲ್ಲಿ ಪ್ರತಿ ಪಾಸನ್ನೂ ಗುರುತುಹಾಕತೊಡಗಿದರು. ಹೆಚ್ಚಿನ ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸ್‌ಗಳಲ್ಲಿ ಬರುತ್ತವೆ, ಎದುರಾಳಿಯ ಗೋಲಿನ ಹತ್ತಿರ ಕಸಿದ ಚೆಂಡು ಹೆಚ್ಚು ಫಲ ಕೊಡುತ್ತದೆ ಎಂದು ಅವರು ಕಂಡರು. 1968ರಲ್ಲಿ ಬೆಂಜಮಿನ್ ಎಂಬವರ ಜತೆ ಸಂಶೋಧನಾ ಲೇಖನವನ್ನೂ ಪ್ರಕಟಿಸಿದರು. ಎರಡನೆಯ ಮಾತು ಇಂದಿಗೂ ನಿಂತಿದೆ. ಮೊದಲನೆಯದರ ಲೆಕ್ಕ ಸರಿ, ಕಡಿಮೆ ಪಾಸ್‌ಗಳ ಆಟವೇ ಹೆಚ್ಚು ಫಲಕಾರಿ ಎಂದು ಅದರಿಂದ ತೆಗೆದ ತೀರ್ಮಾನ ತಪ್ಪು: ಪಂದ್ಯದಲ್ಲಿ ನಡೆಯುವ ಪಾಸ್ ಸರಣಿಗಳಲ್ಲೇ ಹತ್ತಕ್ಕೆ ಒಂಬತ್ತು ಅಷ್ಟು ಚಿಕ್ಕವು. ಈ ವ್ಯತ್ಯಾಸ ಗಮನಿಸದ ಕೋಚ್‌ಗಳು ಚೆಂಡನ್ನು ಸುಮ್ಮನೆ ಮುಂದಕ್ಕೆ ಒದೆಯುವುದನ್ನೇ ಪ್ರತಿದಾಳಿ ಎಂದುಕೊಂಡರು.

ಚೆಂಡು ತಾನಾಗಿ ಸಿಗುವವರೆಗೆ ಕಾಯದೆ, ಹೋಗಿ ಕಸಿಯುವ ಕಲೆ ಬೆಳೆದದ್ದು ಕೀವ್‌ನಲ್ಲಿ. ವಿಕ್ಟರ್ ಮಾಸ್ಲೋವ್ ಅವರ ಡೈನಮೊ ಕೀವ್, ಚೆಂಡು ಹಿಡಿದವನ ಮೇಲೆ ಹಲವರು ಒಟ್ಟಿಗೆ ಮುಗಿಬೀಳುವ ‘ಪ್ರೆಸ್ಸಿಂಗ್’ ರೂಢಿಸಿಕೊಂಡು 1966ರಿಂದ 1968ರವರೆಗೆ ಸತತ ಮೂರು ಬಾರಿ ಸೋವಿಯತ್ ಲೀಗ್ ಗೆದ್ದಿತು. ನಂತರ ಬಂದ ವಲೇರಿ ಲೊಬನೊವ್‌ಸ್ಕಿ, ವಿಜ್ಞಾನಿ ಅನತೋಲಿ ಜೆಲೆನ್‌ತ್ಸೋವ್ ನೆರವಿನಿಂದ ಆಟಗಾರರ ಓಟ, ದಣಿವು, ತಪ್ಪುಗಳನ್ನು ಅಳೆದು, ಚಲನೆಯ ಮಾದರಿಗಳನ್ನು ಮೊದಲೇ ಕಲಿಸಿದರು. 1986ರ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್ ವಿರುದ್ಧ ಬಂದ ಎರಡನೇ ಗೋಲು ಅದರ ಫಲ: ಎಡದಿಂದ ರಾತ್ಸ್, ನಡುವೆ ಬೆಲಾನೊವ್, ಬಲಕ್ಕೆ ಯೆವ್‌ತುಶೆಂಕೊ, ಕೊನೆಗೆ ಬ್ಲೊಖಿನ್. ಮುಂದಿನವನು ಎಲ್ಲಿದ್ದಾನೆಂದು ಹುಡುಕಬೇಕಾದ ಅಗತ್ಯವೇ ಇಲ್ಲವೆಂಬಂತೆ ಚೆಂಡು ಸಾಗಿತು.

ಮಾಸ್ಲೋವ್ ಕೀವ್‌ನಲ್ಲಿದ್ದ ಕಾಲದಲ್ಲೇ ರಿನಸ್ ಮಿಖೆಲ್ಸ್ ಆಮ್‌ಸ್ಟರ್‌ಡಾಮಿನ ಅಯಾಕ್ಸ್‌ನಲ್ಲಿ, ಚೆಂಡು ಕಳೆದ ಜಾಗದಲ್ಲೇ ಅದನ್ನು ಹಿಂಪಡೆಯುವ ಆಟ ಕಟ್ಟಿದರು. ಅದನ್ನು ಅಳತೆಗೆ ತಂದವರು ಎಸಿ ಮಿಲಾನ್‌ನ ಅರಿಗೊ ಸಾಕ್ಕಿ. ರಕ್ಷಣೆಯ ಕೊನೆಯ ಸಾಲಿಗೂ ದಾಳಿಯ ಮೊದಲ ಸಾಲಿಗೂ 25 ಮೀಟರ್‌ಗಿಂತ ಹೆಚ್ಚು ಅಂತರ ಬೇಡವೆಂಬುದು ಅವರ ನಿಯಮ. ಅಭ್ಯಾಸದಲ್ಲಿ ಚೆಂಡನ್ನೇ ಕೊಡದೆ, ‘ಚೆಂಡು ಈಗ ಇಲ್ಲಿದೆ’ ಎಂದು ಹೇಳಿ ಹನ್ನೊಂದು ಮಂದಿಯನ್ನೂ ಒಟ್ಟಿಗೆ ಸರಿಸುತ್ತಿದ್ದರು. ಸಾಲುಗಳು ಹೀಗೆ ಹತ್ತಿರವಿದ್ದರೆ ಚೆಂಡು ಕಸಿದವನಿಗೆ ಪಾಸ್ ಕೊಡಲು ಪಕ್ಕದಲ್ಲೇ ಜೊತೆಗಾರ ಸಿಗುತ್ತಾನೆ. ಮಿಲಾನ್ 1989, 1990ರಲ್ಲಿ ಯುರೋಪಿಯನ್ ಕಪ್ ಗೆದ್ದಿತು. 1992ರಲ್ಲಿ ಮತ್ತೊಂದು ನಿಯಮ ಬಂತು: ಜೊತೆಗಾರ ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ. ಒತ್ತಡಕ್ಕೆ ಸಿಕ್ಕ ರಕ್ಷಕರ ಸುಲಭದ ದಾರಿ ಮುಚ್ಚಿತು. ಪ್ರೆಸ್ಸಿಂಗ್‌ನ ಬೆಲೆ ಏರಿತು.

ಆಮೇಲೆ ತರಬೇತಿಯ ಪಾಠಕ್ರಮವೇ ಬದಲಾಯಿತು. ಡಚ್ ಮತ್ತು ಪೋರ್ಚುಗೀಸ್ ಕೋಚ್‌ಗಳು ಆಟವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು: ಚೆಂಡು ನಮ್ಮಲ್ಲಿರುವುದು, ಅದನ್ನು ಕಳೆದುಕೊಂಡ ಗಳಿಗೆ, ಎದುರಾಳಿಯಲ್ಲಿರುವುದು, ಅದನ್ನು ಗೆದ್ದ ಗಳಿಗೆ. ಪೋರ್ಟೊ ವಿಶ್ವವಿದ್ಯಾಲಯದ ವಿಟರ್ ಫ್ರಾಡೆ ರೂಪಿಸಿದ ಪದ್ಧತಿಯಲ್ಲಿ ಓಟದ ಕಸರತ್ತನ್ನು ಆಟದಿಂದ ಬೇರ್ಪಡಿಸದೆ, ಈ ಹಂತಗಳ ಅಭ್ಯಾಸದೊಳಗೇ ಸೇರಿಸಲಾಯಿತು. ಇದನ್ನು ಅನುಸರಿಸಿದ ಜೋಸೆ ಮೌರಿನ್ಯೊ 2004ರಲ್ಲಿ ಪೋರ್ಟೊಗೆ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟರು. 2011–12ರಲ್ಲಿ ಅವರ ರಿಯಲ್ ಮ್ಯಾಡ್ರಿಡ್ ಲೀಗ್‌ನಲ್ಲಿ 121 ಗೋಲು ಹೊಡೆಯಿತು. ಇಂಥ ಅಭ್ಯಾಸದ ಸಾಮಾನ್ಯ ರೂಪ ಹೀಗಿರುತ್ತದೆ: ಸಣ್ಣ ಚೌಕದಲ್ಲಿ ಒಂದು ಗುಂಪು ಚೆಂಡು ಕಾಯುತ್ತದೆ, ಇನ್ನೊಂದು ಕಸಿಯಲು ಯತ್ನಿಸುತ್ತದೆ, ಕಸಿದ ಗುಂಪು ಕೆಲವೇ ಸೆಕೆಂಡುಗಳಲ್ಲಿ ಚೌಕದ ಹೊರಗಿನ ಜೊತೆಗಾರನಿಗೆ ಪಾಸ್ ಕೊಟ್ಟು ಗೋಲಿನತ್ತ ಓಡಬೇಕು. ಮೊದಲ ಪಾಸ್ ಮುಂದಕ್ಕೆ, ಒಬ್ಬ ನೇರಕ್ಕೆ, ಇಬ್ಬರು ಅಂಚುಗಳಿಗೆ; ದಾರಿ ಮುಚ್ಚಿದ್ದರೆ ಚೆಂಡನ್ನು ಉಳಿಸಿಕೊಳ್ಳಬೇಕು.

ಜರ್ಮನಿಯಲ್ಲಿ ಸಮಯವೇ ಕೋಚ್‌ನ ಸಾಧನವಾಯಿತು. 1980ರ ದಶಕದಲ್ಲಿ ಬಾಕ್ನಾಂಗ್ ಎಂಬ ಸಣ್ಣ ತಂಡದ ಆಟಗಾರ-ಕೋಚ್ ಆಗಿದ್ದ ರಾಲ್ಫ್ ರಾಂಗ್ನಿಕ್ ಅಭ್ಯಾಸ ಪಂದ್ಯದಲ್ಲಿ ಲೊಬನೊವ್‌ಸ್ಕಿಯ ಕೀವ್ ತಂಡವನ್ನು ಎದುರಿಸಿ, ಎದುರಾಳಿ ಹನ್ನೊಂದೇ ಮಂದಿಯೇ ಎಂದು ಎಣಿಸಿ ನೋಡಿದ್ದರು. ಮುಂದೆ ಅವರು ಚೆಂಡು ಹಿಂಪಡೆಯಲು 8 ಸೆಕೆಂಡು, ಗೆದ್ದ ಮೇಲೆ ಗೋಲಿಗೆ ಹೊಡೆಯಲು 10 ಸೆಕೆಂಡು ಎಂಬ ಗಡುವು ಹಾಕಿ, ಅಭ್ಯಾಸದಲ್ಲಿ ಗಡಿಯಾರವನ್ನೇ ಇರಿಸಿದರು. ಮೈನ್ಸ್‌ನಲ್ಲಿ ವುಲ್ಫ್‌ಗಾಂಗ್ ಫ್ರಾಂಕ್ ಕೈಕೆಳಗೆ ಆಡಿದ ಯೂರ್ಗನ್ ಕ್ಲಾಪ್, ಚೆಂಡು ಕಳೆದ ತಕ್ಷಣದ ಪ್ರೆಸ್ಸಿಂಗನ್ನೇ ದಾಳಿಯ ಮೊದಲ ಹೆಜ್ಜೆಯಾಗಿಸಿ, ಡಾರ್ಟ್‌ಮುಂಡ್‌ಗೆ 2011 ಮತ್ತು 2012ರಲ್ಲಿ ಲೀಗ್ ಪ್ರಶಸ್ತಿ ತಂದರು.

ಹಳೆಯ ಬಗೆ ಇದರಿಂದ ಮರೆಯಾಗಲಿಲ್ಲ. 2015–16ರಲ್ಲಿ ಲೆಸ್ಟರ್ ಸಿಟಿ ಹಿಂದೆ ಸರಿದು ಕಾದು, ಕಾಂಟೆ ಕಸಿದ ಚೆಂಡನ್ನು ವಾರ್ಡಿಯ ಓಟಕ್ಕೆ ಒದಗಿಸುತ್ತಲೇ ಪ್ರೀಮಿಯರ್ ಲೀಗ್ ಗೆದ್ದಿತು. 2018ರ ವಿಶ್ವಕಪ್‌ನಲ್ಲಿ ಜಪಾನಿನ ಕಾರ್ನರ್ ಕಿಕ್ ಹಿಡಿದ ಬೆಲ್ಜಿಯಂ ಗೋಲ್‌ಕೀಪರ್ ಕುರ್ಟ್ವಾ ಚೆಂಡನ್ನು ಡಿ ಬ್ರೂಯ್ನ್‌ಗೆ ಉರುಳಿಸಿದರು. ಮೊನಿಯೆ ಅಂಚಿನಿಂದ ಒಳಕ್ಕೆ ಕಳಿಸಿದ ಚೆಂಡನ್ನು ಲುಕಾಕು ಮುಟ್ಟದೆ ಬಿಟ್ಟರು, ಶಾಡ್ಲಿ ಗೋಲು ಹೊಡೆದರು. ಸುಮಾರು 10 ಸೆಕೆಂಡುಗಳಲ್ಲಿ ಪಂದ್ಯ 3–2ರಿಂದ ಮುಗಿಯಿತು.

ಪ್ರತಿದಾಳಿ ಇಷ್ಟು ಪಳಗಿದ ಮೇಲೆ ಅದಕ್ಕೆ ಮದ್ದೂ ಹುಟ್ಟಿತು. ಇಂದಿನ ದೊಡ್ಡ ತಂಡಗಳು ದಾಳಿ ಮಾಡುವಾಗಲೇ ಹಿಂದೆ ಯಾರು ಉಳಿಯಬೇಕು, ಎಷ್ಟು ದೂರದಲ್ಲಿ ನಿಲ್ಲಬೇಕು ಎಂಬುದನ್ನು ಅಭ್ಯಾಸದಲ್ಲಿ ಪ್ರತ್ಯೇಕವಾಗಿ ಕಲಿಸುತ್ತವೆ. ರಕ್ಷಣೆಯಲ್ಲಿರುವಾಗಲೇ ದಾಳಿಗೆ, ದಾಳಿಯಲ್ಲಿರುವಾಗಲೇ ರಕ್ಷಣೆಗೆ ಸಿದ್ಧವಾಗಿರುವ ತಂಡಕ್ಕೇ ಈ ಆಟದಲ್ಲಿ ಮೇಲುಗೈ.