ಹೊಮಾರೆ ಸಾವಾ

ಹೊಮಾರೆ ಸಾವಾ (ಜನನ: 6 ಸೆಪ್ಟೆಂಬರ್ 1978) ಜಪಾನಿನ ನಿವೃತ್ತ ಫುಟ್‌ಬಾಲ್ ಆಟಗಾರ್ತಿ. ದೇಶದ ಪರ 205 ಪಂದ್ಯಗಳನ್ನಾಡಿ 83 ಗೋಲು ಹೊಡೆದವರು, 2011ರ ಮಹಿಳಾ ವಿಶ್ವಕಪ್ ಗೆದ್ದ ತಂಡದ ನಾಯಕಿ. ಅದಕ್ಕೂ ಮೊದಲು ಏಷ್ಯಾದ ಯಾವ ದೇಶವೂ, ಪುರುಷರಲ್ಲಾಗಲಿ ಮಹಿಳೆಯರಲ್ಲಾಗಲಿ, ಹಿರಿಯರ ವಿಶ್ವಕಪ್ ಗೆದ್ದಿರಲಿಲ್ಲ.

ಹುಟ್ಟಿದ್ದು ಟೋಕಿಯೊದ ಫುಚುವಿನಲ್ಲಿ. ಅಣ್ಣನ ಹಿಂದೆ ಹೋಗಿ ಹುಡುಗರ ತಂಡದಲ್ಲಿ ಆಟ ಕಲಿತರು. 12ನೇ ವಯಸ್ಸಿಗೇ ಯೋಮಿಯುರಿ ಬೆಲೆಝಾ ಕ್ಲಬ್ಬಿಗಾಗಿ ರಾಷ್ಟ್ರೀಯ ಲೀಗ್‌ನಲ್ಲಿ ಆಡಿದರು. 1993ರ ಡಿಸೆಂಬರಿನಲ್ಲಿ ಫಿಲಿಪ್ಪೀನ್ಸ್ ವಿರುದ್ಧ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದಾಗ ವಯಸ್ಸು 15. ಆ ಒಂದೇ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದರು.

ಪ್ರತಿಭೆಗೆ ತಕ್ಕ ನೆಲೆ ಮಾತ್ರ ಸಿಗಲಿಲ್ಲ. 1990ರ ದಶಕದ ಕೊನೆಗೆ ಆರ್ಥಿಕ ಹಿಂಜರಿತಕ್ಕೆ ಸಿಕ್ಕ ಜಪಾನಿನ ಕಂಪನಿಗಳು ಮಹಿಳಾ ತಂಡಗಳಿಂದ ಕೈ ತೆಗೆದವು. 1999ರಲ್ಲಿ ಸಾವಾ ಅಮೆರಿಕಕ್ಕೆ ಹೋದರು. ಅಲ್ಲಿ ವೃತ್ತಿಪರ ಲೀಗ್ ಆರಂಭವಾದಾಗ ಅಟ್ಲಾಂಟಾ ಬೀಟ್ ಸೇರಿದರು. ತಂಡ 2001 ಮತ್ತು 2003ರಲ್ಲಿ ಫೈನಲ್ ತಲುಪಿ ಸೋತಿತು. 2003ರಲ್ಲಿ ಲೀಗೇ ಮುಚ್ಚಿಹೋಯಿತು. ಸಾವಾ ಬೆಲೆಝಾಗೆ ಮರಳಿದರು. 2004ರ ಏಪ್ರಿಲಿನಲ್ಲಿ ಟೋಕಿಯೊದಲ್ಲಿ 31,000ಕ್ಕೂ ಹೆಚ್ಚು ಪ್ರೇಕ್ಷಕರ ಮುಂದೆ, ಮಂಡಿ ನೋವಿನಲ್ಲೇ ಆಡಿ, ಉತ್ತರ ಕೊರಿಯಾವನ್ನು 3-0ರಿಂದ ಸೋಲಿಸುವಲ್ಲಿ ನೆರವಾದರು. ಆ ಗೆಲುವು ಜಪಾನನ್ನು ಅಥೆನ್ಸ್ ಒಲಿಂಪಿಕ್ಸ್‌ಗೆ ಕರೆದೊಯ್ದಿತು. ಜಪಾನಿನ ಸಾಮಾನ್ಯ ಜನ ಮಹಿಳೆಯರ ಫುಟ್‌ಬಾಲಿನತ್ತ ತಿರುಗಿ ನೋಡಿದ್ದು ಆಗಲೇ ಎನ್ನಬಹುದು. ತಂಡಕ್ಕೆ 'ನಾದೆಶಿಕೊ' ಎಂಬ ಅಡ್ಡಹೆಸರು ಬಂದದ್ದೂ ಅದೇ ವರ್ಷ.

2008ರಲ್ಲಿ ರಾಷ್ಟ್ರೀಯ ತಂಡದ ತರಬೇತುದಾರ ನೊರಿಯೊ ಸಸಾಕಿಯವರು ಸಾವಾ ಅವರನ್ನು ದಾಳಿಯ ಸ್ಥಾನದಿಂದ ಹಿಂದಕ್ಕೆ, ರಕ್ಷಣಾತ್ಮಕ ಮಿಡ್‌ಫೀಲ್ಡ್‌ಗೆ ಸರಿಸಿದರು. ಗೋಲು ಹೊಡೆಯುವವರನ್ನು ಗೋಲಿನಿಂದ ದೂರ ನಿಲ್ಲಿಸುವ ಈ ನಿರ್ಧಾರ ವಿಚಿತ್ರವಾಗಿ ಕಂಡೀತು. ಆದರೆ ಎದುರಾಳಿಯ ಪಾಸ್ ಎಲ್ಲಿ ಬೀಳುತ್ತದೆಂದು ಮೊದಲೇ ಗ್ರಹಿಸುವ ಅವರ ಶಕ್ತಿ ಪೂರ್ತಿ ಬಳಕೆಗೆ ಬಂದದ್ದು ಅಲ್ಲೇ. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಪಾನ್ ನಾಲ್ಕನೆಯದಾಯಿತು.

ಸುನಾಮಿ ಜಪಾನಿನ ಈಶಾನ್ಯ ಕರಾವಳಿಯನ್ನು ನುಂಗಿದ ನಾಲ್ಕು ತಿಂಗಳಿಗೆ, ಜರ್ಮನಿಯಲ್ಲಿ 2011ರ ವಿಶ್ವಕಪ್ ನಡೆಯಿತು. ಸಾವಾ ಮೆಕ್ಸಿಕೊ ವಿರುದ್ಧ ಹ್ಯಾಟ್ರಿಕ್ ಸಾಧಿಸಿದರು. ಕ್ವಾರ್ಟರ್ ಫೈನಲ್‌ನಲ್ಲಿ ಆತಿಥೇಯ ಜರ್ಮನಿಯನ್ನು ಹೊರದಬ್ಬಿದ ಕರಿನಾ ಮರುಯಾಮಾ ಅವರ ಗೋಲಿಗೆ ಚೆಂಡು ಒದಗಿಸಿದ್ದೂ ಅವರೇ. ಜುಲೈ 17ರಂದು ಫ್ರಾಂಕ್‌ಫರ್ಟ್‌ನಲ್ಲಿ ನಡೆದ ಫೈನಲ್‌ನಲ್ಲಿ ಅಮೆರಿಕ 2-1ರಿಂದ ಮುಂದಿತ್ತು. ಹೆಚ್ಚುವರಿ ಅವಧಿ ಮುಗಿಯಲು ಮೂರೇ ನಿಮಿಷ. ಅಯಾ ಮಿಯಾಮಾ ಕಾರ್ನರ್‌ನಿಂದ ಕಳಿಸಿದ ಚೆಂಡಿಗೆ ಸಾವಾ ಹತ್ತಿರದ ಕಂಬದ ಬಳಿಗೆ ನುಗ್ಗಿ, ಬಲಗಾಲಿನ ಹೊರಬದಿ ತಾಗಿಸಿ ಗೋಲಿನೊಳಗೆ ತಿರುಗಿಸಿದರು. ವಿಶ್ವಕಪ್ ಫೈನಲ್‌ಗಳು ಕಂಡ ಅತ್ಯಂತ ಕುಶಲ ಗೋಲುಗಳಲ್ಲಿ ಇದನ್ನು ಎಣಿಸಲೇಬೇಕು. ಪೆನಾಲ್ಟಿಯಲ್ಲಿ ಜಪಾನ್ 3-1ರಿಂದ ಗೆದ್ದಿತು. ಐದು ಗೋಲುಗಳೊಂದಿಗೆ ಗೋಲ್ಡನ್ ಬೂಟ್, ಶ್ರೇಷ್ಠ ಆಟಕ್ಕೆ ಗೋಲ್ಡನ್ ಬಾಲ್ ಎರಡೂ ಸಾವಾ ಪಾಲಾದವು. ಮರುವರ್ಷ ಜನವರಿಯಲ್ಲಿ ಫಿಫಾದ ವರ್ಷದ ಆಟಗಾರ್ತಿ ಪ್ರಶಸ್ತಿ ಪಡೆದ ಮೊದಲ ಏಷ್ಯನ್ ಎನಿಸಿದರು.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಬಂತು. 2015ರದು ಅವರ ಆರನೆಯ ವಿಶ್ವಕಪ್. ಫೈನಲ್‌ನಲ್ಲಿ ಬದಲಿ ಆಟಗಾರ್ತಿಯಾಗಿ ಇಳಿದರೂ ಜಪಾನ್ ಅಮೆರಿಕಕ್ಕೆ 5-2ರಿಂದ ಸೋತಿತು. ಅದೇ ವರ್ಷ ಡಿಸೆಂಬರ್ 27ರಂದು ನಡೆದ ಜಪಾನಿನ ಎಂಪ್ರೆಸ್ ಕಪ್ ಫೈನಲ್ ಅವರ ಕೊನೆಯ ಪಂದ್ಯ. ಆಗ ಅವರು ಆಡುತ್ತಿದ್ದ ಐನಾಕ್ ಕೋಬೆ ತಂಡ 1-0ರಿಂದ ಗೆದ್ದಿತು. ಆ ಒಂದು ಗೋಲನ್ನು ತಲೆಯಿಂದ ಹೊಡೆದವರು 37ರ ಸಾವಾ.