ಬಿನ್ನಹವೂ ಪ್ರಶ್ನೆಯೂ

ರಾಜ್ಯಭಾರ ನಡಸುವವರೊಡನೆ ಪ್ರಜೆಗಳು ಮಾತನಾಡುವ ರೀತಿ ಎರಡು ಬಗೆಯಾಗಿರುವುದುಂಟು. ನಮ್ಮೂರ ಕೆರೆಯ ಏರಿ ಒಡೆದಿದೆ, ಕೃಪೆಯಿಟ್ಟು ದುರಸ್ತು ಮಾಡಿಸಿಕೊಡಬೇಕು ಎಂಬುದು ಬಿನ್ನಹ. ಏರಿಯ ದುರಸ್ತಿಗೆಂದು ಮಂಜೂರಾದ ಹಣವೆಷ್ಟು, ಅದರಲ್ಲಿ ವೆಚ್ಚವಾದದ್ದೆಷ್ಟು, ಏರಿ ಇನ್ನೂ ಒಡೆದೇ ಇರುವುದೇಕೆ ಎಂಬುದು ಪ್ರಶ್ನೆ. ಮೊದಲನೆಯದಕ್ಕೆ ಒಡೆಯನ ದಯೆಯೊಂದಿದ್ದರೆ ಸಾಕು. ಎರಡನೆಯದಕ್ಕೆ ಲೆಕ್ಕದ ಪುಸ್ತಕವನ್ನು ಬಿಚ್ಚಬೇಕಾಗುತ್ತದೆ. ಮೈಸೂರು ಸೀಮೆಯಲ್ಲಿ ಬಿನ್ನಹವು ಬೆಳೆದು ಪ್ರಶ್ನೆಯಾಗಲು ಅರುವತ್ತಾರು ವರ್ಷಗಳು ಹಿಡಿದವು. ಆ ಕಥೆಯಲ್ಲಿ ನಮ್ಮ ಮಂಡ್ಯದ ನೆಲಕ್ಕೂ ಒಂದು ಪಾಲಿದೆ. ಪಟ್ಟಣಕ್ಕೆ ಸೇರಿಹೋಗಿರುವ ಗುತ್ತಲಿನಲ್ಲಿ ಕುಳಿತು, ಈ ಸೀಮೆಯ ಗದ್ದೆ ಕಬ್ಬಿನ ತೋಟಗಳನ್ನು ನೆನೆಯುವವನಿಗೆ, ಇವು ಯಾರ ಹಣದಿಂದ, ಯಾರನ್ನು ಕೇಳಿ, ಯಾವ ಲೆಕ್ಕದ ಮೇಲೆ ಹಸಿರಾದುವು ಎಂಬ ಯೋಚನೆ ಬಾರದಿರುವುದಿಲ್ಲ.

1881ನೆಯ ಮಾರ್ಚಿ 25ರಂದು ಇಂಗ್ಲಿಷರು ಸಂಸ್ಥಾನವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಕ್ಕೆ ಒಪ್ಪಿಸಿದಾಗ ಬೊಕ್ಕಸದ ಸ್ಥಿತಿ ಹೇಗಿತ್ತೆಂಬುದನ್ನು ಮೊದಲು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಸೀಮೆಯ ಐದು ಜನರಲ್ಲಿ ಒಬ್ಬರಂತೆ ಅಳಿದುಹೋಗಿದ್ದರು. ಕ್ಷಾಮದ ಬಾಬು ಎಂಬತ್ತು ಲಕ್ಷ ರೂಪಾಯಿ ಸಾಲವು ಸಂಸ್ಥಾನದ ಹೆಗಲ ಮೇಲಿತ್ತು. ಇದಲ್ಲದೆ ವರ್ಷವರ್ಷವೂ ಇಂಗ್ಲಿಷ್ ಸರ್ಕಾರಕ್ಕೆ ತೆರಬೇಕಾದ ಪೊಗದಿ ಇಪ್ಪತ್ತನಾಲ್ಕೂವರೆ ಲಕ್ಷ. ಇಂತಹ ಮನೆಯ ಯಜಮಾನಿಕೆ ವಹಿಸಿದ ದಿವಾನ್ ರಂಗಾಚಾರ್ಲು ಅವರು ಮನೆಯ ಲೆಕ್ಕವನ್ನು ಮುಚ್ಚಿಡುವ ಬದಲು ಊರವರ ಮುಂದೆ ಓದಿಸಲು ನಿಶ್ಚಯಿಸಿದರು. ಆಗಸ್ಟ್ 25ರ ಆಜ್ಞೆಯಂತೆ ತಾಲ್ಲೂಕಿಗೆ ಒಬ್ಬಿಬ್ಬರು ತಿಳಿವಳಿಕಸ್ಥ ರೈತರನ್ನೂ ಜಿಲ್ಲೆಗೆ ಮೂರು ನಾಲ್ಕು ಮಂದಿ ವರ್ತಕರನ್ನೂ ಆರಿಸಿ ಕಳುಹಿಸಬೇಕೆಂದು ಗೊತ್ತಾಯಿತು. ಅಕ್ಟೋಬರ್ 7ರಂದು, ದಸರಾ ಸಮಯದಲ್ಲಿ, 144 ಮಂದಿ ಮೈಸೂರಿನಲ್ಲಿ ನೆರೆದರು. ಇದೇ ಪ್ರಜಾಪ್ರತಿನಿಧಿ ಸಭೆಯ ಮೊದಲ ಕೂಟ.

ಆ ದಿನ ದಿವಾನರು ಸಂಸ್ಥಾನದ ಆಯವ್ಯಯವನ್ನೂ ಮುಂದೆ ಮಾಡಬೇಕೆಂದಿದ್ದ ಕೆಲಸಗಳನ್ನೂ ಸಭೆಗೆ ವಿವರಿಸಿದರು. ಮದ್ದೂರು ಮಂಡ್ಯಗಳ ಮೇಲೆ ಹಾದು ಮೈಸೂರಿಗೆ ಹೋಗುವ ರೈಲುದಾರಿ ಆಗತಾನೆ ಮುಗಿಯುತ್ತ ಬಂದಿತ್ತು. ದೇಶೀಯ ಸಂಸ್ಥಾನಗಳಲ್ಲೆಲ್ಲ ಹೊಸದಾದ ಈ ಏರ್ಪಾಟನ್ನು ನಮ್ಮವರು ಹೆಮ್ಮೆಯಿಂದ ಕೊಂಡಾಡುವುದು ಸಹಜವೇ. ಡಿ. ವಿ. ಗುಂಡಪ್ಪನವರು ಎಳೆಯ ವಯಸ್ಸಿನಲ್ಲಿಯೇ ರಂಗಾಚಾರ್ಲು ಅವರ ಚರಿತ್ರೆಯನ್ನು ಬರೆದುದಕ್ಕೆ ಆ ದಿವಾನರ ಈ ಔದಾರ್ಯವೂ ಒಂದು ಕಾರಣವಾಗಿರಬೇಕೆಂದು ನಮ್ಮ ಊಹೆ. ಆದರೆ ಔದಾರ್ಯವೆಂಬುದೇ ಇಲ್ಲಿಯ ತೊಡಕು. ಲೆಕ್ಕವನ್ನು ಓದಿದವರು ದಿವಾನರು. ಓದೆಂದು ಅವರನ್ನು ಕಟ್ಟಿಹಾಕಬಲ್ಲವರು ಸಭೆಯಲ್ಲಿ ಒಬ್ಬರೂ ಇರಲಿಲ್ಲ. ಕಾನೂನು ಮಾಡುವ ಅಧಿಕಾರವಾಗಲಿ, ಒಂದು ಬಾಬಿನ ವೆಚ್ಚವನ್ನು ತಡೆಯುವ ಅಧಿಕಾರವಾಗಲಿ ಸಭೆಗೆ ಇರಲಿಲ್ಲ. ಪ್ರತಿನಿಧಿಗಳು ತಮ್ಮ ತಮ್ಮ ತಾಲ್ಲೂಕಿನ ಕೊರತೆಗಳನ್ನು ಅರಿಕೆ ಮಾಡಿಕೊಳ್ಳುವರು. ಸರ್ಕಾರದವರು ತಮಗೆ ತೋರಿದ ಸಮಾಧಾನವನ್ನು ಹೇಳುವರು. ಎರಡೂ ಅಚ್ಚಾಗಿ ಸಭೆಯ ನಡವಳಿಯ ಪುಸ್ತಕದಲ್ಲಿ ಸೇರುವುವು. ಪರ್ಯಾಲೋಚಿಸಲಾಗುವುದು ಎಂಬ ಉತ್ತರದಷ್ಟು ದೀರ್ಘಾಯುಸ್ಸು ನಮ್ಮ ದೇಶದಲ್ಲಿ ಯಾವ ದಿವಾನರಿಗೂ ಮಂತ್ರಿಗಳಿಗೂ ಲಭಿಸಿಲ್ಲ.

1891ರಿಂದ ಪ್ರತಿನಿಧಿಗಳು ಚುನಾವಣೆಯ ಮೂಲಕ ಬರತೊಡಗಿದರು. ಮತದ ಹಕ್ಕು ಕಂದಾಯ ಹೆಚ್ಚಾಗಿ ಕಟ್ಟುವವರಿಗೂ ಓದಿದವರಿಗೂ ಮಾತ್ರ ಇದ್ದುದರಿಂದ ಹೊಲಗೇಯುವ ಬಹುಮಂದಿಗೆ ಅದು ಎಟುಕದ ಹಣ್ಣಾಗಿಯೇ ಉಳಿಯಿತು.

ಪ್ರಶ್ನೆ ಕೇಳುವ ಪದ್ಧತಿ ಲೋಕದಲ್ಲಿ ಹುಟ್ಟಿದ ಬಗೆಯನ್ನು ಇಲ್ಲಿ ಸ್ವಲ್ಪ ನೋಡಬಹುದು. ಇಂಗ್ಲೆಂಡಿನ ಪ್ರಭುಗಳ ಸಭೆಯಲ್ಲಿ ದಾಖಲೆಗೆ ಬಂದ ಮೊದಲ ಪ್ರಶ್ನೆ 1721ರದು. ದಕ್ಷಿಣ ಸಮುದ್ರದ ಕಂಪೆನಿಯು ಮುಳುಗಿ ಸಾವಿರಾರು ಸಂಸಾರಗಳ ಗಂಟು ಕರಗಿಹೋದ ಕಾಲ ಅದು. ಆ ಕಂಪೆನಿಯ ಖಜಾನೆಯ ಅಧಿಕಾರಿ ದೇಶ ಬಿಟ್ಟು ಓಡಿ ಸಿಕ್ಕಿಬಿದ್ದುದು ನಿಜವೇ ಎಂದು ಒಬ್ಬ ಪ್ರಭು ಮಂತ್ರಿಗಳನ್ನು ಕೇಳಿದನು. ಮೊದಲ ಪ್ರಶ್ನೆಯೇ ಹಣಕ್ಕೆ ಸಂಬಂಧಪಟ್ಟದ್ದೆಂಬುದು ಗಮನಾರ್ಹವಾಗಿದೆ. ಇಂಗ್ಲಿಷರ ನೇರ ಆಳ್ವಿಕೆಯಲ್ಲಿದ್ದ ಭಾರತದಲ್ಲಿ ಶಾಸನಸಭೆಗಳ ಸದಸ್ಯರಿಗೆ ಪ್ರಶ್ನಿಸುವ ಹಕ್ಕು ದೊರೆತದ್ದು 1892ರಲ್ಲಿ. ಉತ್ತರ ಬಂದಮೇಲೆ ಅದರ ಬೆನ್ನಿಗೆ ಮತ್ತೊಂದು ಪ್ರಶ್ನೆ ಹಾಕುವ ಸ್ವಾತಂತ್ರ್ಯ ಬಂದದ್ದು 1909ರಲ್ಲಿ. ಈ ಎರಡನೆಯದೇ ಮುಖ್ಯ. ಬರೆದುಕೊಟ್ಟ ಪ್ರಶ್ನೆಗೆ ಕಚೇರಿಯ ಗುಮಾಸ್ತನು ಉತ್ತರ ಬರೆದಿಡಬಲ್ಲ. ಬೆನ್ನಿಗೆ ಬೀಳುವ ಪ್ರಶ್ನೆಗೆ ಮಂತ್ರಿಯೇ ಬಾಯಿಬಿಡಬೇಕು, ಅವನಿಗೆ ವಿಷಯ ಗೊತ್ತಿದೆಯೋ ಇಲ್ಲವೋ ಅಲ್ಲಿ ಬಯಲಾಗುತ್ತದೆ.

ಮೈಸೂರಿನಲ್ಲಿ ನ್ಯಾಯವಿಧಾಯಕ ಸಭೆ ಸ್ಥಾಪಿತವಾದದ್ದು 1907ರಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ. ಮರುವರ್ಷವೇ ಅದೇ ದಿವಾನರ ಕಾಲದಲ್ಲಿ ವೃತ್ತಪತ್ರಿಕೆಗಳ ಕಾಯಿದೆಯೂ ಬಂದಿತು. ತಾತಯ್ಯನವರೆಂದು ಜನ ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರಂಥ ನಿರ್ಭೀತ ಪತ್ರಿಕಾಕರ್ತರಿಗೆ ಅದರ ಬಿಸಿ ತಟ್ಟಿತು. ಒಂದು ಕೈ ಬಾಗಿಲು ತೆರೆಯುತ್ತಿರಲು ಇನ್ನೊಂದು ಕೈ ಕಿಟಕಿ ಮುಚ್ಚಿತೆನ್ನಬೇಕು. ಮುಂದೆ ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಈ ಸಭೆಯ ಸದಸ್ಯರಿಗೆ ಆಯವ್ಯಯವನ್ನು ಚರ್ಚಿಸುವ, ಪ್ರಶ್ನೆ ಕೇಳುವ ಹಕ್ಕುಗಳು ಬಂದುವು. 1923ರ ಸುಧಾರಣೆಯಿಂದ ಪ್ರಜಾಪ್ರತಿನಿಧಿ ಸಭೆಯು 250 ಮಂದಿಯದೂ ವಿಧಾಯಕ ಸಭೆಯು 50 ಮಂದಿಯದೂ ಆದುವು. ವೆಚ್ಚದ ಬಾಬುಗಳಿಗೆ ವಿಧಾಯಕ ಸಭೆಯು ಮತ ಕೊಡಬೇಕಾಯಿತು, ಹೊಸ ತೆರಿಗೆಯ ವಿಷಯದಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೇಳಬೇಕಾಯಿತು. ಆದರೂ ಅರಮನೆಯ ವೆಚ್ಚ, ಸೇನೆಯ ವೆಚ್ಚ ಮೊದಲಾದುವು ಮತಕ್ಕೆ ಹೊರಗು. ದಿವಾನರನ್ನು ನೇಮಿಸುವವರೂ ತೆಗೆಯುವವರೂ ಮಹಾರಾಜರು; ಸಭೆಯು ಸಿಟ್ಟಾದರೆ ಅವರ ಪದವಿಗೆ ಕುಂದಿಲ್ಲ.

ಇಷ್ಟು ಹಕ್ಕು ಕೈಗೆ ಬಂದಿದ್ದ ಕಾಲದಲ್ಲಿಯೇ ಮಂಡ್ಯದ ಸೀಮೆಗೆ ಕಾವೇರಿಯ ನೀರು ಬಂದಿತು. ಕನ್ನಂಬಾಡಿಯ ಕಟ್ಟೆ 1911ರಲ್ಲಿ ಆರಂಭವಾದಾಗ ಅದರ ಅಂದಾಜು ಎರಡೂವರೆ ಕೋಟಿ ರೂಪಾಯಿಗಳನ್ನು ಮೀರಿತ್ತು; ಸಂಸ್ಥಾನದ ವರ್ಷದ ಹುಟ್ಟುವಳಿಯೊಡನೆ ಹೋಲಿಸಿದರೆ ಎದೆಗೆಡಿಸುವ ಮೊತ್ತ. 1924ರಲ್ಲಿ ಮದರಾಸಿನೊಡನೆ ಒಡಂಬಡಿಕೆಯಾಗಿ 1,25,000 ಎಕರೆಗಳಿಗೆ ನೀರು ಕೊಡಲು ಮೈಸೂರಿಗೆ ಅವಕಾಶ ದೊರೆಯಿತು. ಬಳಿಕ ಸರ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದು, ವೈಸರಾಯರ ಹೆಸರಿನ ಇರ್ವಿನ್ ನಾಲೆಯನ್ನು ಹರಿಸಿದರು. ಅದೇ ಈಗಿನ ವಿಶ್ವೇಶ್ವರಯ್ಯ ನಾಲೆ. ರಾಗಿ ಬೆಳೆಯುತ್ತ ಮುಗಿಲು ನೋಡುತ್ತಿದ್ದ ರೈತನಿಗೆ ಇದು ಭಾಗ್ಯವೇ ಸರಿ.

ಆದರೆ ಭಾಗ್ಯಕ್ಕೆ ಬೆಲೆಯ ಚೀಟಿಯೂ ಅಂಟಿಕೊಂಡು ಬಂದಿತು. ನೀರಿನ ಕಂದಾಯವಲ್ಲದೆ ನಾಲೆಯ ವೆಚ್ಚಕ್ಕೆಂದು ವಂತಿಗೆಯನ್ನೂ ರೈತರು ಕೊಡಬೇಕೆಂದಾಯಿತು. ಭೂಮಿಯನ್ನು ತುಂಡುತುಂಡಾಗಿ ವಿಂಗಡಿಸಿ ಭತ್ತ, ಕಬ್ಬು, ಅರೆನೀರಾವರಿಯ ಬೆಳೆಗಳನ್ನು ಸರದಿಯ ಮೇಲೆ ಬೆಳೆಯಬೇಕೆಂಬ ಬ್ಲಾಕು ಪದ್ಧತಿಯೂ ಬಂದಿತು. ಶಾಸ್ತ್ರದೃಷ್ಟಿಯಿಂದ ಅದು ಒಳ್ಳೆಯ ಪದ್ಧತಿ. ನೀರು ಪೋಲಾಗದು, ನೆಲ ಜೌಗಾಗದು. ಆದರೆ ತನ್ನ ಹೊಲದಲ್ಲಿ ಏನು ಬಿತ್ತಬೇಕೆಂದು ಸರ್ಕಾರದ ನೌಕರನನ್ನು ಕೇಳಬೇಕಾದ ರೈತನ ಮನಸ್ಸನ್ನು ಶಾಸ್ತ್ರವು ಅಳೆಯಲಿಲ್ಲ. ಮೇಲಾಗಿ 1929ರ ತರುವಾಯ ಲೋಕದಲ್ಲೆಲ್ಲ ಧಾನ್ಯದ ಬೆಲೆ ಕುಸಿದುಬಿದ್ದಿತ್ತು. ಗದ್ದೆಯನ್ನು ಮಟ್ಟಮಾಡಲು ಸಾಲ, ಎತ್ತಿಗೆ ಸಾಲ, ವಂತಿಗೆಗೂ ಸಾಲವೆಂದರೆ ಸಂಸಾರ ನಿಲ್ಲುವುದೆಂತು? ಮೂವತ್ತರ ದಶಕದ ಮೊದಲಲ್ಲಿ ಮಂಡ್ಯದ ರೈತರು ಹೂಡಿದ ಇರ್ವಿನ್ ನಾಲೆಯ ಚಳವಳಿಯು ಹುಟ್ಟಿದ್ದು ಈ ಲೆಕ್ಕದಿಂದ. ಇದು ಕೃಪೆಯನ್ನು ಬೇಡುವ ಬಿನ್ನಹವಾಗಿರಲಿಲ್ಲ. ಸಾರ್ವಜನಿಕರ ಹಣದಿಂದ ಕಟ್ಟಿದ ನಾಲೆಗೆ ನಾವು ಮತ್ತೆ ಏಕೆ ಕೊಡಬೇಕು, ಎಷ್ಟು ಕೊಡಬೇಕು ಎಂಬ ಪ್ರಶ್ನೆಯಾಗಿತ್ತು.

ಸರ್ಕಾರದ ಪಕ್ಷದಲ್ಲಿಯೂ ನ್ಯಾಯವಿರಲಿಲ್ಲವೆಂದು ನಾವು ಹೇಳುವುದಿಲ್ಲ. ನಾಲೆಯ ಸೆರಗು ಸೋಕದ ಚಿತ್ರದುರ್ಗದ ರೈತನ ಕಂದಾಯದಿಂದ ಮಂಡ್ಯದ ಗದ್ದೆ ಏಕೆ ತೊಯ್ಯಬೇಕು, ಲಾಭ ಪಡೆದವನು ಭಾರವನ್ನೂ ಹೊರಲಿ ಎಂಬ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಇಂತಹ ಎರಡು ನ್ಯಾಯಗಳ ನಡುವೆ ತೀರ್ಮಾನ ಹೇಳಲು ಸಭೆಗೆ ಅಧಿಕಾರವಿರಬೇಕಾಗಿತ್ತು. ಅದಿಲ್ಲದುದರಿಂದಲೇ ಕೇಳಿದವನು ಬೀದಿಗಿಳಿದನು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಂಪೆನಿ ಸ್ಥಾಪಿತವಾಗಿ ಕಬ್ಬಿಗೆ ಗಿರಾಕಿ ಸಿಕ್ಕಿದ ಮೇಲೆ ರೈತನ ಕೈಯಲ್ಲಿ ಕಾಸು ಆಡಿತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೂ ಆಯಿತು. ಆದರೆ ಕೇಳುವುದನ್ನು ಕಲಿತವರು ಅದನ್ನು ಮರೆಯಲಿಲ್ಲ. 1938ರ ಏಪ್ರಿಲಿನಲ್ಲಿ ಮದ್ದೂರಿನ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ನಿಷೇಧವನ್ನು ಮೀರಿ ಧ್ವಜವೆತ್ತಿದಾಗ ಜನರು ಕೇಳಿದ್ದು ಜವಾಬ್ದಾರಿ ಸರ್ಕಾರವನ್ನು. ಜವಾಬು ಹೇಳಬೇಕಾದ ಸರ್ಕಾರವೆಂಬುದೇ ಆ ಮಾತಿನ ನೇರವಾದ ಅರ್ಥ.

1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದುದರೊಡನೆ ಆ ಜವಾಬಿನ ಹೊಣೆ ಜನರ ಕಡೆಯವರ ಮೇಲೆಯೇ ಬಿದ್ದಿತು. 1949ರ ಡಿಸೆಂಬರ್ 16ರಂದು ಪ್ರಜಾಪ್ರತಿನಿಧಿ ಸಭೆ, ವಿಧಾಯಕ ಸಭೆಗಳೆರಡೂ ವಿಸರ್ಜಿತವಾದುವು. ಮರುವರ್ಷ ಜಾರಿಗೆ ಬಂದ ಸಂವಿಧಾನದ 164ನೆಯ ವಿಧಿಯು ಮಂತ್ರಿಮಂಡಲವನ್ನು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿಸಿತು. 203ನೆಯ ವಿಧಿಯು ಅನುದಾನದ ಬೇಡಿಕೆಗಳನ್ನು ಸಭೆಯ ಮತಕ್ಕೆ ಒಳಪಡಿಸಿತು. 151ನೆಯದು ಲೆಕ್ಕಪರಿಶೋಧಕರ ವರದಿಯನ್ನು ಸಭೆಯ ಮುಂದಿಡಿಸಿತು. ಈಗ ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಎದ್ದು ನಿಂತು ಉತ್ತರ ಹೇಳುತ್ತಾರೆ, ಅದರ ಬೆನ್ನಿಗೆ ಪೂರಕ ಪ್ರಶ್ನೆಗಳು ಬರುತ್ತವೆ. ಚುಕ್ಕೆಯಿಲ್ಲದುದಕ್ಕೆ ಲಿಖಿತ ಉತ್ತರವಷ್ಟೆ.

ಆದರೂ ಪ್ರಶ್ನೆಯ ಉಡುಪು ತೊಟ್ಟ ಬಿನ್ನಹಗಳು ಇಂದಿಗೂ ಬಹಳ. ನಮ್ಮ ಕ್ಷೇತ್ರಕ್ಕೆ ಸೇತುವೆ ಯಾವಾಗ ಕೊಡುತ್ತೀರಿ ಎಂದು ಕೇಳುವ ಶಾಸಕರು, ಅನುದಾನದ ಲಭ್ಯತೆಯನ್ನನುಸರಿಸಿ ಎಂದು ಹೇಳುವ ಮಂತ್ರಿಗಳು ಇವರಿಬ್ಬರೂ ಹಳೆಯ ದಸರಾ ಸಭೆಯವರೇ. ಮದ್ದೂರು ಮಳವಳ್ಳಿಗಳ ಕಡೆಯಲ್ಲಿ, ನಾಲೆಯ ಕೊನೆಯ ಭಾಗದ ರೈತರು, ಮೇಲಿನವರ ಗದ್ದೆ ತುಂಬಿದ ಮೇಲೂ ತಮ್ಮ ಕಾಲುವೆ ಒಣಗಿರುವುದನ್ನು ಬಹು ಕಾಲದಿಂದ ಹೇಳಿಕೊಳ್ಳುತ್ತ ಬಂದಿದ್ದಾರೆ. ಅವರ ಪ್ರತಿನಿಧಿಯು ನೀರು ಬಿಡಿಸಿರೆಂದು ಕೇಳಿದರೆ ಒಂದು ಆಶ್ವಾಸನೆ ದೊರೆಯುತ್ತದೆ. ನಾಲೆಯ ದುರಸ್ತಿಗೆ ವರ್ಷವರ್ಷವೂ ಖರ್ಚು ಬಿದ್ದ ಹಣವೆಷ್ಟು, ಯಾವ ಮೈಲಿಯಿಂದ ಯಾವ ಮೈಲಿಯವರೆಗೆ ಕೆಲಸವಾಯಿತು, ಕೊನೆಯ ತೂಬಿನಲ್ಲಿ ನೀರಿನ ಅಳತೆ ಮಾಡಿದವರು ಯಾರು, ಯಾವ ದಿನ ಎಂದು ಕೇಳಿದರೆ ಕಚೇರಿಯಲ್ಲಿ ಕಡತ ಹುಡುಕಬೇಕಾಗುತ್ತದೆ.